ಅರಾಕಿಸ್‌ನ ನೀರು, ಅರ್ಕಾವತಿಯ ಲೆಕ್ಕ

ಮೇಷ್ಟ್ರು: ಅರಾಕಿಸ್ ಎನ್ನುವುದು ಎಲ್ಲೂ ಇಲ್ಲದ ಗ್ರಹ. ಫ್ರಾಂಕ್ ಹರ್ಬರ್ಟ್ ಎಂಬ ಅಮೆರಿಕದ ಲೇಖಕ 1965ರಲ್ಲಿ ‘ಡ್ಯೂನ್’ ಕಾದಂಬರಿಗೋಸ್ಕರ ಕಟ್ಟಿಕೊಂಡ ಮರಳುಗಾಡು. 2021ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಅದು ಸಿನಿಮಾ ಆಗಿ ಬಂದ ಮೇಲೆ ನಿನ್ನ ವಯಸ್ಸಿನವರಿಗೆ ಅದು ಪಕ್ಕದ ತಾಲ್ಲೂಕಿಗಿಂತ ಚೆನ್ನಾಗಿ ಗೊತ್ತು. ಇರಲಿ, ಕಥೆ ಓದಬೇಡ ಎನ್ನುವವನಲ್ಲ ನಾನು. ಆದರೆ ದೊಡ್ಡಬಳ್ಳಾಪುರದ ಬತ್ತಿದ ಕೆರೆಗಳ ವಿಚಾರ ತೆಗೆದರೂ ನೀನು ಆ ಗ್ರಹವನ್ನು ಎಳೆದು ತರುತ್ತೀಯಲ್ಲ, ಅದು ನನಗೆ ಹಿಡಿಸುವುದಿಲ್ಲ ಕಣಮ್ಮ. ಹರ್ಬರ್ಟ್ ಅದನ್ನು ಸುತ್ತಲು ಬಿಟ್ಟಿರುವುದು ನಾವು ಅಗಸ್ತ್ಯ ಎಂದು ಕರೆಯುವ ನಕ್ಷತ್ರವನ್ನು. ಕಡಲನ್ನೇ ಆಪೋಶನ ತೆಗೆದುಕೊಂಡ ಋಷಿಯ ಹೆಸರಿನ ನಕ್ಷತ್ರಕ್ಕೆ ನೀರಿಲ್ಲದ ಗ್ರಹ, ತಮಾಷೆಗೆ ಸರಿಯಾಗಿದೆ. ಆದರೆ ನಮ್ಮ ಅಂಗಳದ ಬರ ನೋಡುವುದಕ್ಕೆ ಅಷ್ಟು ದೂರ ಹೋಗಿ ಬರಬೇಕೆ?

ಶಿಷ್ಯೆ: ಅಂಗಳದ ಬರವನ್ನೇ ನಾವು ತಪ್ಪಾಗಿ ಓದುತ್ತಿರುವುದರಿಂದ ಹೋಗಿ ಬರಬೇಕು ಮೇಷ್ಟ್ರೇ. ಇದು ಬಯಲುಸೀಮೆ, ಮಳೆ ಕಮ್ಮಿ, ಅದಕ್ಕೇ ನೀರಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ. ಕಾದಂಬರಿಯಲ್ಲಿ ಅರಾಕಿಸ್‌ನವರೂ ಹೀಗೇ ನಂಬಿರುತ್ತಾರೆ. ಅಲ್ಲಿಗೆ ಬಂದ ಪಾರ್ಡಟ್ ಕೈನ್ಸ್ ಎಂಬ ಗ್ರಹವಿಜ್ಞಾನಿಗೆ ಮಾತ್ರ ಎರಡು ಸಂಗತಿ ಅನುಮಾನ ಹುಟ್ಟಿಸುತ್ತವೆ. ಒಂದು, ಅಲ್ಲಲ್ಲಿ ಹರಡಿರುವ ಉಪ್ಪಿನ ಬಯಲು. ಹಿಂದೊಂದು ಕಾಲಕ್ಕೆ ಅಲ್ಲಿ ನೀರು ನಿಂತು ಆವಿಯಾಗಿರದಿದ್ದರೆ ಉಪ್ಪು ಎಲ್ಲಿಂದ ಬರಬೇಕು? ಇನ್ನೊಂದು, ತಗ್ಗುಗಳಲ್ಲಿ ಕೊರೆದ ಬಾವಿಗಳು. ಮೊದಲು ಸಣ್ಣಗೆ ಜಿನುಗುತ್ತದೆ, ಆಮೇಲೆ ಯಾರೋ ಬಿರಡೆ ಜಡಿದ ಹಾಗೆ ನಿಂತುಹೋಗುತ್ತದೆ. ಪಕ್ಕದಲ್ಲೇ ಮತ್ತೊಂದು ಕೊರೆದರೂ ಅದೇ ಹಾಡು. ನೆಲದಡಿ ತೊಗಲಿನಂಥ ಮೈಯ ಮರಳುಮೀನುಗಳು ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಸುತ್ತುಗಟ್ಟಿ ಹಿಡಿದಿಟ್ಟಿರುತ್ತವೆ. ಅವೇ ಬೆಳೆದು ಭಾರಿ ಮರಳುಹುಳುಗಳಾಗುತ್ತವೆ. ಇಡೀ ಸಾಮ್ರಾಜ್ಯ ಬಡಿದಾಡುವ ಮಸಾಲೆ ಹುಟ್ಟುವುದೂ ಅವುಗಳ ಜೀವನಚಕ್ರದಲ್ಲೇ. 1976ರ ‘ಚಿಲ್ಡ್ರನ್ ಆಫ್ ಡ್ಯೂನ್’ನಲ್ಲಿ ಇನ್ನೊಂದು ಗುಟ್ಟು ಬಿಚ್ಚಿಕೊಳ್ಳುತ್ತದೆ: ಮರಳುಮೀನು ಆ ಗ್ರಹದ ಜೀವಿಯೇ ಅಲ್ಲ, ಹೊರಗಿನಿಂದ ಬಂದದ್ದು. ಅದು ಬರುವ ಮುಂಚೆ ಅಲ್ಲಿ ನೀರಿತ್ತು. ಅಂದಮೇಲೆ ಆ ಮರಳುಗಾಡು ಹಣೆಬರಹದಿಂದ ಆದದ್ದಲ್ಲ, ಯಾರೋ ನೀರು ಹಿಡಿದಿಟ್ಟಿದ್ದರಿಂದ ಆದದ್ದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಣಗುವಿಕೆಯೂ ಇದೇ ಜಾತಿಯದು ಎಂಬುದು ನನ್ನ ವಾದ. ಮೋಡವನ್ನು ಬೈಯುವ ಮುಂಚೆ ನೀರು ಯಾರ ಕೈಯಲ್ಲಿದೆ ಎಂದು ಕೇಳಬೇಕು.

ಮೇಷ್ಟ್ರು: ಕೇಳೋಣ. ಅದಕ್ಕೂ ಮುಂಚೆ ನಿನ್ನ ಗ್ರಹವೇ ನಿಲ್ಲುತ್ತದೋ ಇಲ್ಲವೋ ನೋಡಬೇಡವೆ? ಧ್ರುವದಿಂದ ಧ್ರುವಕ್ಕೆ ಒಂದೇ ಹವೆ ಇರುವ ಗ್ರಹವನ್ನು ನಾನಂತೂ ನಂಬಲಾರೆ. ಭೂಮಿಯ ಮೇಲೆ ಆಗುಂಬೆಗೂ ಚಳ್ಳಕೆರೆಗೂ ನಡುವೆ ಒಂದು ದಿನದ ದಾರಿ ಕೂಡ ಇಲ್ಲ, ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಕುರುಚಲು. ಹಸಿರೇ ಇಲ್ಲದ ಕಡೆ ಉಸಿರಾಡುವ ಗಾಳಿ ಎಲ್ಲಿಂದ ಬಂತು ಎಂದು ಕೇಳಿದರೆ, ಹುಳುಗಳು ಆಮ್ಲಜನಕ ಬಿಡುತ್ತವೆ ಎನ್ನುತ್ತಾನೆ ನಿನ್ನ ಲೇಖಕ. ತನಗೆ ಬೇಕಾದ ಹಾಗೆ ಪ್ರಕೃತಿಯನ್ನು ತಿದ್ದಿಕೊಂಡವನ ಲೆಕ್ಕದಿಂದ ನಮ್ಮ ಕೆರೆಗೆ ತೀರ್ಪು ಹೇಳುವುದು ಯಾವ ನ್ಯಾಯ?

ಶಿಷ್ಯೆ: ತಿದ್ದಿಕೊಂಡಿದ್ದಾನೆ, ನಿಜ. 2021ರಲ್ಲಿ ಬ್ರಿಸ್ಟಲ್‌ನ ಹವಾಮಾನ ವಿಜ್ಞಾನಿಗಳು ಅರಾಕಿಸ್‌ನ ವಿವರಗಳನ್ನೆಲ್ಲ ತಮ್ಮ ಕಂಪ್ಯೂಟರ್ ಮಾದರಿಗೆ ಹಾಕಿ ನೋಡಿದರು. ಅಂಥ ಗ್ರಹದಲ್ಲಿ ಮನುಷ್ಯರು ಹೇಗೋ ಬದುಕಬಹುದು, ಆದರೆ ಕಾದಂಬರಿ ಹೇಳುವ ಧ್ರುವದ ಹಿಮ ಅಲ್ಲಿ ಉಳಿಯುವುದಿಲ್ಲ ಎಂದು ಹೊರಬಿತ್ತು. ಹಾಗಾಗಿ ಅದು ಭೂಪಟವಾಗಿ ತಪ್ಪು, ಒಪ್ಪಿದೆ. ನನಗೆ ಅದು ಬೇಕಿರುವುದು ಪ್ರಯೋಗವಾಗಿ. ಶಾಲೆಯ ಪ್ರಯೋಗಾಲಯದಲ್ಲಿ ನೀವೇ ಮಾಡಿಸುತ್ತಿದ್ದಿರಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಏರಿಸಿ ಇಳಿಸಿ ನೋಡುವುದನ್ನು. ಹರ್ಬರ್ಟ್ ಒಂದು ಇಡೀ ಲೋಕದಲ್ಲಿ ನೀರೊಂದನ್ನು ಇಳಿಸಿ ನೋಡಿದ್ದಾನೆ. ಆಗ ಉಡುಪು, ಕಾನೂನು, ಮದುವೆ, ಸಾವು, ವ್ಯಾಪಾರ ಎಲ್ಲವೂ ನೀರಿನ ಲೆಕ್ಕದಲ್ಲೇ ನಡೆಯುವುದು ಕಣ್ಣಿಗೆ ಕಟ್ಟುತ್ತದೆ. ಇನ್ನೊಂದು ಮಾತು, ಆ ಗ್ರಹದ ಬೇರು ಭೂಮಿಯಲ್ಲೇ ಇದೆ. ಅಮೆರಿಕದ ಆರೆಗಾನ್ ಕರಾವಳಿಯಲ್ಲಿ ರಸ್ತೆ, ಮನೆಗಳ ಮೇಲೆ ನುಗ್ಗುತ್ತಿದ್ದ ಮರಳುದಿಬ್ಬಗಳನ್ನು ಅಲ್ಲಿನ ಕೃಷಿ ಇಲಾಖೆ ಹುಲ್ಲು ನೆಟ್ಟು ಕಟ್ಟಿಹಾಕುತ್ತಿತ್ತು. ಅದರ ಬಗ್ಗೆ ಲೇಖನ ಬರೆಯಲು ಹೋದವನು ಕಡೆಗೆ ಕಾದಂಬರಿ ಬರೆದ. ಪುಸ್ತಕವನ್ನು ಅರ್ಪಿಸಿರುವುದೂ ಒಣಭೂಮಿಯ ಮೇಲೆ ಕೆಲಸ ಮಾಡುವ ಪರಿಸರ ವಿಜ್ಞಾನಿಗಳಿಗೆ.

ಮೇಷ್ಟ್ರು: ಸರಿ, ಪ್ರಯೋಗ ಎಂದೇ ಇಟ್ಟುಕೊಳ್ಳೋಣ. ಅದರ ಫಲಿತಾಂಶ ನಮ್ಮೂರಿಗೆ ಹೊಂದುತ್ತದೆ ಎನ್ನುವುದಕ್ಕೆ ಪುರಾವೆ ಕೊಡು. ಮಳೆ ಕಮ್ಮಿ ಎನ್ನುವುದು ಸುಳ್ಳೆ?

ಶಿಷ್ಯೆ: ಮರಳುಗಾಡಿನ ಲೆಕ್ಕಕ್ಕೆ ಹೋಲಿಸಿದರೆ ಸುಳ್ಳೇ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಮರುಭೂಮಿ ಎನ್ನುವುದು ವಾಡಿಕೆ. ನಮ್ಮ ಜಿಲ್ಲೆಯಲ್ಲಿ ಸರಾಸರಿ ಸುಮಾರು 800 ಬೀಳುತ್ತದೆ. ಅಂದರೆ ಒಂದು ಎಕರೆ ಹೊಲದ ಮೇಲೆ ವರ್ಷಕ್ಕೆ ಸುಮಾರು 32 ಲಕ್ಷ ಲೀಟರ್. ಇಷ್ಟು ಮಳೆಯನ್ನು ನಂಬಿಯೇ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದ ಜಲಾಶಯ ಕಟ್ಟಿ ಬೆಂಗಳೂರಿಗೆ ನೀರು ಒಯ್ದರು. 1933ರಲ್ಲಿ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಬಂದು ಸೇರುವ ಕಡೆ ತಿಪ್ಪಗೊಂಡನಹಳ್ಳಿಯ ಜಲಾಶಯ ಎದ್ದಿತು. ಒಂದು ರಾಜಧಾನಿಯ ಬಾಯಾರಿಕೆ ತಣಿಸಿದ ನದಿ ಅದು. ಮುಂದೆ ಹೆಸರಘಟ್ಟ ಬತ್ತಿತು, ತಿಪ್ಪಗೊಂಡನಹಳ್ಳಿಗೆ ಬರುವ ಹರಿವು ದಶಕದಿಂದ ದಶಕಕ್ಕೆ ಇಳಿಯಿತು. ಏಕೆ ಎಂದು ಬೆಂಗಳೂರಿನ ಏಟ್ರಿ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಹುಡುಕಿ 2015ರಲ್ಲಿ ಪ್ರಕಟಿಸಿದರು. ಮಳೆ ಇಳಿದಿರಲಿಲ್ಲ. ತಾಪಮಾನದ ಏರಿಕೆಯಿಂದಲೂ ಅಷ್ಟು ನೀರು ಆವಿಯಾಗಿ ಹೋಗುವಂತಿರಲಿಲ್ಲ. ಮುಖ್ಯ ಕಾರಣಗಳಾಗಿ ಉಳಿದದ್ದು ಕೊಳವೆಬಾವಿಗಳಿಂದ ಎತ್ತುವ ಅಂತರ್ಜಲ ಮತ್ತು ನೀಲಗಿರಿ ತೋಪುಗಳು. ಅವುಗಳ ಹಿಂದೆ ಹಳ್ಳಕ್ಕೆ ಅಡ್ಡ ಹಾಕಿದ ತಡೆಗಟ್ಟೆಗಳು. ಕೈನ್ಸ್‌ಗೆ ಉಪ್ಪಿನ ಬಯಲು ಏನು ಹೇಳಿತೋ ನಮಗೆ ಈ ಎರಡು ಜಲಾಶಯಗಳು ಅದನ್ನೇ ಹೇಳುತ್ತಿವೆ.

ಮೇಷ್ಟ್ರು: ನೀಲಗಿರಿಯೇ ನಿನ್ನ ಮರಳುಮೀನು ಎನ್ನುತ್ತೀಯ ಹಾಗಾದರೆ.

ಶಿಷ್ಯೆ: ಇಷ್ಟು ಹತ್ತಿರದ ಹೋಲಿಕೆಯನ್ನು ಯಾವ ಕಥೆಗಾರನೂ ಬೇಕೆಂದು ಕಟ್ಟುತ್ತಿರಲಿಲ್ಲ. ನೀಲಗಿರಿಯೂ ಹೊರಗಿನದು, ಆಸ್ಟ್ರೇಲಿಯಾದ ಮರ. ಭಾರತಕ್ಕೆ ಅದು ಮೊದಲು ಬಂದದ್ದು ಸುಮಾರು 1790ರಲ್ಲಿ, ಟಿಪ್ಪುವಿನ ಕಾಲದ ನಂದಿಬೆಟ್ಟದ ತೋಟಕ್ಕೆ ಎಂದು ಅರಣ್ಯಶಾಸ್ತ್ರದ ಪುಸ್ತಕಗಳೆಲ್ಲ ಹೇಳುತ್ತವೆ. ಅರ್ಕಾವತಿ ಹುಟ್ಟುವ ಬೆಟ್ಟವೂ ಅದೇ. ಅದು ನೀರನ್ನು ಏನು ಮಾಡುತ್ತದೆ ಎಂದು ಇಯಾನ್ ಕಾಲ್ಡರ್ ಎಂಬ ಬ್ರಿಟಿಷ್ ಜಲವಿಜ್ಞಾನಿ ಕರ್ನಾಟಕದ ಅರಣ್ಯ ಇಲಾಖೆಯವರ ಜೊತೆ ಸೇರಿ ಅಳೆದ ಜಾಗಗಳಲ್ಲಿ ಒಂದು ನಮ್ಮ ಹೊಸಕೋಟೆ. ಅಲ್ಲಿನ ಮಣ್ಣು ಆಳವಾದದ್ದು. ಎಳೆಯ ನೀಲಗಿರಿಗಳು ಬಳಸಿದ ನೀರು ಆ ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚಾಗಿತ್ತು. ಬಿದ್ದದ್ದಕ್ಕಿಂತ ಹೆಚ್ಚು ಕುಡಿಯುವುದು ಹೇಗೆ? ಬೇರು ವರ್ಷದಿಂದ ವರ್ಷಕ್ಕೆ ಕೆಳಗಿಳಿದು, ಹಿಂದಿನ ಮಳೆಗಾಲಗಳಿಂದ ಮಣ್ಣಿನಲ್ಲಿ ಉಳಿದುಬಂದ ತೇವವನ್ನೂ ಹೀರುತ್ತದೆ. ಅಲ್ಲಿಗೆ ಇಂಗಬೇಕಾದ ಗಂಟು ಕರಗಿತು, ಕೆಳಗಿನ ಬಂಡೆಯ ಬಿರುಕಿಗೆ ಇಳಿಯುವ ಪಾಲೂ ಹೋಯಿತು.

ಮೇಷ್ಟ್ರು: ನಿಲ್ಲು ನಿಲ್ಲು, ಅದೇ ಕಾಲ್ಡರ್ ಇನ್ನೊಂದು ಮಾತು ಹೇಳಿದ್ದಾನೆ, ಅದನ್ನು ನುಂಗಿಬಿಟ್ಟೆ. ಶಿವಮೊಗ್ಗದ ಕಡೆಯ ತೆಳುಮಣ್ಣಿನ ಜಾಗಗಳಲ್ಲಿ ನೀಲಗಿರಿ ಕುಡಿದದ್ದಕ್ಕೂ ಪಕ್ಕದ ಸಹಜ ಕಾಡು ಕುಡಿದದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮರ ಎಂದಮೇಲೆ ನೀರು ಕುಡಿಯುತ್ತದೆ. ಅಲ್ಲದೆ ನೀಲಗಿರಿ ಹಾಕಿದ ರೈತನೇನು ನೀರಿನ ದ್ರೋಹಿಯೆ? ರಾಗಿಗೆ ಬೆಲೆಯಿಲ್ಲ, ಕಳೆ ಕೀಳಲು ಆಳು ಸಿಗುವುದಿಲ್ಲ, ಮಕ್ಕಳು ಪೀಣ್ಯದ ಫ್ಯಾಕ್ಟರಿಗೋ ವಿಮಾನ ನಿಲ್ದಾಣಕ್ಕೋ ಹೊರಟರು. ಒಮ್ಮೆ ನೆಟ್ಟರೆ ದನ ಮೇಯದು, ಗೊಬ್ಬರ ಕೇಳದು, ಐದಾರು ವರ್ಷಕ್ಕೆ ಕಡಿದು ದುಡ್ಡು ಎಣಿಸಬಹುದು. ಸಾಮಾಜಿಕ ಅರಣ್ಯ ಎಂದು ಸರ್ಕಾರವೇ ಸಸಿ ಹಂಚಿತಲ್ಲ!

ಶಿಷ್ಯೆ: ನುಂಗಿದ್ದಲ್ಲ, ಅಲ್ಲಿಗೇ ಬರುತ್ತಿದ್ದೆ. ಆ ಅಧ್ಯಯನದ ತಿರುಳೇ ಅದು. ನೀಲಗಿರಿಯನ್ನು ಕಾಡಿನ ಜೊತೆ ಹೋಲಿಸಿದರೆ ಒಂದು ಉತ್ತರ, ರಾಗಿಯ ಜೊತೆ ಹೋಲಿಸಿದರೆ ಇನ್ನೊಂದು. ರಾಗಿಗಿಂತ ಅದು ಸುಮಾರು ಎರಡರಷ್ಟು ನೀರು ಬಳಸುತ್ತದೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದಲ್ಲಿ ನೀಲಗಿರಿ ಬಂದದ್ದು ಬಹುಪಾಲು ರಾಗಿ ಹೊಲಕ್ಕೆ, ಆದ್ದರಿಂದ ಇಲ್ಲಿ ಸಲ್ಲುವುದು ಎರಡನೆಯ ಹೋಲಿಕೆ. ಇನ್ನು ರೈತ ದ್ರೋಹಿಯಲ್ಲ ಎನ್ನುವುದನ್ನು ಮನಸಾರೆ ಒಪ್ಪುತ್ತೇನೆ. ನನಗೆ ಅರಾಕಿಸ್ ಕಲಿಸುವ ಮುಖ್ಯ ಪಾಠವೂ ಅದೇ. ಮರಳುಮೀನು ಖಳನಾಯಕ ಅಲ್ಲ, ತನ್ನ ಬದುಕು ತಾನು ನಡೆಸುತ್ತಿದೆ. ಅದನ್ನು ಮುಟ್ಟಲು ಯಾರಿಗೂ ಮನಸ್ಸಿಲ್ಲ, ಯಾಕೆಂದರೆ ಅದರಿಂದಲೇ ಮಸಾಲೆ, ಮಸಾಲೆಯಿಂದಲೇ ಸಾಮ್ರಾಜ್ಯದ ಸಾಗಾಟ, ಲಾಭ, ಅಧಿಕಾರ. ಒಣಗಿರುವುದೇ ಲಾಭ ತರುವ ವ್ಯವಸ್ಥೆಯಲ್ಲಿ ಒಣಗಿರುವುದು ಆಕಸ್ಮಿಕವಾಗಿ ಉಳಿಯುತ್ತದೆಯೆ? ಇಲ್ಲೂ ಅಷ್ಟೆ. ನೀಲಗಿರಿ ಕಂಬಕ್ಕೆ ಗಿರಾಕಿ ಇದ್ದಾನೆ, ಬೆಂಗಳೂರು ನೀಲಿ ದ್ರಾಕ್ಷಿಗೆ, ಪಾಲಿಹೌಸ್ ಗುಲಾಬಿಗೆ ಮಾರುಕಟ್ಟೆ ಪಕ್ಕದಲ್ಲೇ ಇದೆ. ಕೊಳವೆಬಾವಿಗೆ ಉಚಿತ ವಿದ್ಯುತ್ ಇದೆ. ಬಂಡೆಯ ಬಿರುಕಿನಲ್ಲಿರುವ ನೀರಿಗೆ ಮಾತ್ರ ಯಾರೂ ಬೆಲೆ ಕಟ್ಟಿಲ್ಲ. ಹಿಂದೆ ಕಪಿಲೆ ಹೊಡೆಯುತ್ತಿದ್ದ ತೆರೆದ ಬಾವಿಗಳು ಒಣಗಿ ಇಂದು ಸಾವಿರ ಅಡಿ ದಾಟಿ ಕೊರೆಯುತ್ತೇವೆ. ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಅಂತರ್ಜಲ ಮಿತಿಮೀರಿ ಬಳಕೆಯಾಗಿದೆ ಎಂದು ಸರ್ಕಾರದ ಪಟ್ಟಿಯೇ ಹೇಳುತ್ತದೆ. ಮೊದಲು ಜಿನುಗಿ ಆಮೇಲೆ ನಿಲ್ಲುವ ಬಾವಿಯನ್ನು ನೋಡಲು ಇಲ್ಲಿ ಕಾದಂಬರಿ ತೆರೆಯಬೇಕಿಲ್ಲ.

ಮೇಷ್ಟ್ರು: ಜನ ಸುಮ್ಮನೆ ಕೂತಿರಲಿಲ್ಲ ಎನ್ನುವುದನ್ನೂ ಸೇರಿಸು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗಕ್ಕೆ ಹುಣಸೆ, ಮಾವಿನ ಬೀಜ ಹಾಕಿ ಬಂದರು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅದೂ ಅಲ್ಲದೆ ನಿನ್ನ ಗ್ರಹದ ಜನ ಫ್ರೆಮೆನ್‌ಗಳು ಮೈಗೆ ಹಾಕಿಕೊಳ್ಳುವ ಆ ಸ್ಟಿಲ್‌ಸೂಟ್, ಬೆವರು, ಉಸಿರು, ಮೂತ್ರ ಎಲ್ಲವನ್ನೂ ಸೋಸಿ ಕುಡಿಯಲು ಕೊಡುತ್ತದಂತಲ್ಲ, ಅದನ್ನೂ ನಾವು ಮಾಡಿದ್ದೇವೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಕೋಲಾರದ ಕಡೆಗೆ, ಹೆಬ್ಬಾಳ–ನಾಗವಾರ ಕಣಿವೆಯಿಂದ 21 ಕೋಟಿ ಲೀಟರ್ ಚಿಕ್ಕಬಳ್ಳಾಪುರದ ಮತ್ತು ನಮ್ಮ ಜಿಲ್ಲೆಯ ಕೆರೆಗಳಿಗೆ ಎಂದು ಯೋಜನೆ ಹಾಕಿ ಹರಿಸಿದರು. ವರ್ಷಗಟ್ಟಲೆ ಬಿರುಕು ಬಿಟ್ಟಿದ್ದ ಕೆರೆ ಕೋಡಿ ಬಿದ್ದಿತು. ಇಷ್ಟಾದ ಮೇಲೂ ಹಿಡಿದಿಟ್ಟವರು ಯಾರು ಎಂದು ಕೆದಕುತ್ತಾ ಕೂರಬೇಕೆ?

ಶಿಷ್ಯೆ: ಅದು ದೊಡ್ಡ ಕೆಲಸವೇ, ಚಿಕ್ಕದು ಮಾಡುವುದಿಲ್ಲ. ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತಂದ ಕಾವೇರಿಯನ್ನು ಒಮ್ಮೆ ಬಳಸಿ ಚರಂಡಿಗೆ ಬಿಡುವುದಕ್ಕಿಂತ ಇನ್ನೊಮ್ಮೆ ಬಳಸುವುದು ಬುದ್ಧಿವಂತಿಕೆ. ಆದರೆ ಸ್ಟಿಲ್‌ಸೂಟಿನ ಮಾತು ತೆಗೆದಿರಲ್ಲ, ಅದರ ಎರಡು ಗುಣ ಗಮನಿಸಿ. ಸರಿಯಾಗಿ ಧರಿಸಿದರೆ ದಿನಕ್ಕೆ ಒಂದು ಬೆರಳುಟೋಪಿಯಷ್ಟು ನೀರು ಮಾತ್ರ ಪೋಲಾಗುತ್ತದೆ. ಅದಕ್ಕಾಗಿ ಅವರು ಪ್ರತಿಯೊಂದು ಪಟ್ಟಿ, ಪ್ರತಿಯೊಂದು ಕೊಳವೆಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಇನ್ನೊಂದು, ಸೋಸುವವನೂ ಕುಡಿಯುವವನೂ ಒಬ್ಬನೇ. ಸೋಸುವುದರಲ್ಲಿ ಅಸಡ್ಡೆ ಮಾಡಿದರೆ ಅವನ ಬಾಯಿಗೇ ಬರುತ್ತದೆ. ನಮ್ಮಲ್ಲಿ ಸೋಸುವುದು ನಗರ, ನೀರು ಇಂಗುವುದು ಹಳ್ಳಿಯ ನೆಲಕ್ಕೆ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದು, ಪ್ರಕರಣ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ಇದೇ ಬಿರುಕಿನಿಂದ. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯ ಹಂತವೂ ಬೇಕೇ ಎನ್ನುವ ಜಗಳ ಮೇಲ್ನೋಟಕ್ಕೆ ತಂತ್ರಜ್ಞಾನದ್ದು. ಬುಡದಲ್ಲಿ ಅದು, ಸೋಸುವ ಬಟ್ಟೆ ಯಾರ ಕೈಯಲ್ಲಿರಬೇಕು ಎನ್ನುವ ಜಗಳ. ಕೆರೆಗೆ ನೀರು ಬಂದ ಮೇಲೆ ಸುತ್ತ ಹೊಸ ಕೊಳವೆಬಾವಿ ಕೊರೆದರೆ ಬಂದದ್ದೂ ಹೋಯಿತು. ಸೂಟು ತೊಟ್ಟು ಅದಕ್ಕೇ ತೂತು ಹಾಕಿಕೊಂಡವರನ್ನು ಅರಾಕಿಸ್‌ನಲ್ಲಿ ಮರುಳರು ಎನ್ನುತ್ತಿದ್ದರು.

ಮೇಷ್ಟ್ರು: ಎತ್ತಿನಹೊಳೆ ಬಂದರೆ ಈ ಗೋಳೆಲ್ಲ ತಪ್ಪುತ್ತದೆ. ಪಶ್ಚಿಮ ಘಟ್ಟದಲ್ಲಿ ಮಳೆಗಾಲದ ನೀರು ಸುಮ್ಮನೆ ಸಮುದ್ರ ಸೇರುತ್ತದೆ, 24 ಟಿಎಂಸಿ ಎತ್ತಿ ಪೂರ್ವಕ್ಕೆ ತಿರುಗಿಸೋಣ ಎಂದು ಹೊರಟಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ನಿನ್ನ ಕೈನ್ಸ್ ಕನಸು ಕಂಡದ್ದೂ ಇದನ್ನೇ ಅಲ್ಲವೆ, ಗ್ರಹಕ್ಕೆ ಗ್ರಹವನ್ನೇ ಹಸಿರು ಮಾಡುವುದು?

ಶಿಷ್ಯೆ: ಕೈನ್ಸ್‌ನ ಕನಸಿಗೂ ಇದಕ್ಕೂ ಒಂದು ದೊಡ್ಡ ಅಂತರ ಇದೆ. ಅವನು ಹೊರಗಿನಿಂದ ಒಂದು ಹನಿಯನ್ನೂ ತರುವುದಿಲ್ಲ. ಗಾಳಿಯ ತೇವ ಹಿಡಿದು ನೆಲಮಾಳಿಗೆಯಲ್ಲಿ ಕೂಡಿಡುತ್ತಾ, ಹುಲ್ಲು ನೆಟ್ಟು ದಿಬ್ಬ ಕಟ್ಟುತ್ತಾ ಹೋದರೆ ಮುನ್ನೂರರಿಂದ ಐನೂರು ವರ್ಷ ಹಿಡಿಯುತ್ತದೆ ಎಂದು ಜನಕ್ಕೆ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಗ್ರಹದ ಶೇಕಡ 3ರಷ್ಟು ಹಸಿರಿನ ಚಕ್ರ ನಡೆದರೆ ಸಾಕು, ಆಮೇಲೆ ಅದು ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ ಎಂಬುದು ಅವನ ಲೆಕ್ಕ. ಎತ್ತಿನಹೊಳೆಯ ಲೆಕ್ಕ ಬೇರೆ. 2012ರಲ್ಲಿ 8,323 ಕೋಟಿ ಎಂದದ್ದು ಈಗ 23,251 ಕೋಟಿ ರೂಪಾಯಿ. 24 ಟಿಎಂಸಿ ಎಂದ ಕಡೆ ಸಿಗುವುದು 9.55 ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ಅಧ್ಯಯನ ಹೇಳಿತು. ಸರ್ಕಾರದ ಅಂಕಿಯೇ ಸರಿ ಎಂದುಕೊಳ್ಳಿ, ಆಗಲೂ ನನ್ನ ಪ್ರಶ್ನೆ ಹಾಗೇ ಉಳಿಯುತ್ತದೆ. ಇಲ್ಲಿ ಬಿದ್ದ 800 ಮಿಲಿಮೀಟರ್ ಮಳೆಯನ್ನು ಉಳಿಸಿಕೊಳ್ಳದ ನೆಲ ಸಕಲೇಶಪುರದಿಂದ ಬಂದದ್ದನ್ನು ಉಳಿಸಿಕೊಳ್ಳುತ್ತದೆಯೆ? ಹರ್ಬರ್ಟ್‌ನ ಮುಂದಿನ ಸಂಪುಟಗಳೂ ಇಂಥದ್ದನ್ನೇ ಎಚ್ಚರಿಸುತ್ತವೆ. ಒಬ್ಬ ನಾಯಕ ಅಧಿಕಾರದ ಬಲದಿಂದ ಅವಸರವಾಗಿ ಗ್ರಹವನ್ನು ಹಸಿರು ಮಾಡಿಸುತ್ತಾನೆ. ಹುಳು ಸಾಯತೊಡಗುತ್ತದೆ, ನೀರು ಹೆಚ್ಚಿದಂತೆ ಫ್ರೆಮೆನ್‌ಗಳ ನೀರಿನ ಶಿಸ್ತೂ ಸಡಿಲವಾಗುತ್ತದೆ. ನೀರು ಬಂದಿತು, ನೀರು ಬಲ್ಲ ಜನ ಹೋದರು.

ಮೇಷ್ಟ್ರು: ನೀರು ಬಲ್ಲ ಜನ ಎಂದೆಯಲ್ಲ, ನನ್ನ ಕೊನೆಯ ತಕರಾರು ಅಲ್ಲಿದೆ. ಫ್ರೆಮೆನ್‌ಗಳ ಶಿಸ್ತನ್ನು ಹೊಗಳುವುದು ಸುಲಭ. ಸತ್ತವನ ದೇಹದ ನೀರನ್ನೂ ಹಿಂಡಿ ಬುಡಕಟ್ಟಿನ ಉಗ್ರಾಣಕ್ಕೆ ಸೇರಿಸುವ ಸಮಾಜ ಅದು. ಅಂಥ ಕ್ರೌರ್ಯ ಇಲ್ಲದೆ ನೀರಿನ ಲೆಕ್ಕ ಇಡಲಾಗದು ಎಂದಾದರೆ ನನಗೆ ಬರವೇ ಮೇಲು. ನಮ್ಮಲ್ಲೂ ಕೆರೆಗೆ ನೀರುಗಂಟಿ ಇದ್ದ, ತೂಬು ಎತ್ತಿ ಅಚ್ಚುಕಟ್ಟಿಗೆ ಸರದಿಯಲ್ಲಿ ನೀರು ಬಿಡುತ್ತಿದ್ದ. ಅದನ್ನೂ ಬಂಗಾರದ ಕಾಲ ಎನ್ನಬೇಡ. ಸರದಿಯಲ್ಲಿ ಜಾತಿ ಇತ್ತು, ಜಮೀನಿನ ಗಾತ್ರ ಇತ್ತು, ಕೆರೆಯ ಕೆಲಸದಲ್ಲಿ ಬೆವರು ಯಾರದು, ನೀರು ಯಾರದು ಎಂಬುದೂ ಇತ್ತು.

ಶಿಷ್ಯೆ: ಬಂಗಾರದ ಕಾಲ ಎನ್ನುವುದಿಲ್ಲ, ಫ್ರೆಮೆನ್‌ಗಳ ಹಾಗೆ ಬದುಕೋಣ ಎನ್ನುವುದೂ ಇಲ್ಲ. ಅವರು ಹಾಗಾದದ್ದು ಅವರಿಗೆ ಮಳೆಯೇ ಇಲ್ಲದ್ದರಿಂದ. ನಮಗೆ ಎಕರೆಗೆ 32 ಲಕ್ಷ ಲೀಟರ್ ಬೀಳುತ್ತದೆ, ಹಾಗಾಗಿ ನಮಗೆ ಅವರಲ್ಲಿರುವ ಕ್ರೌರ್ಯ ಬೇಕಾಗಿಲ್ಲ, ಅವರಲ್ಲಿರುವ ಲೆಕ್ಕ ಇದ್ದರೆ ಸಾಕು. ನೀರುಗಂಟಿಯ ವ್ಯವಸ್ಥೆಯಲ್ಲಿ ಅನ್ಯಾಯ ಇತ್ತು, ಆದರೆ ಆ ಅನ್ಯಾಯ ಕಣ್ಣಿಗೆ ಕಾಣುತ್ತಿತ್ತು; ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಯಿತು ಎಂದು ಊರು ಬೆರಳು ಮಾಡಿ ತೋರಿಸಬಹುದಿತ್ತು. ಸಾವಿರ ಅಡಿ ಕೆಳಗಿನ ನೀರನ್ನು ಯಾರು ಎಷ್ಟು ಎತ್ತಿದರು ಎಂದು ಇಂದು ಪಕ್ಕದ ಹೊಲದವನಿಗೂ ಗೊತ್ತಾಗುವುದಿಲ್ಲ. ಕರ್ನಾಟಕ ಅಂತರ್ಜಲ ಕಾಯ್ದೆ 2011ರಿಂದ ಇದೆ, ಕೊರೆಯಲು ಅನುಮತಿ, ಬಾವಿಗೆ ನೋಂದಣಿ ಎಂದು ಹೇಳುತ್ತದೆ. ಅದು ಕಾಗದದಿಂದ ಹೊಲಕ್ಕೆ ಇಳಿಯಬೇಕಾದರೆ ಬರ ದೇವರ ಕೆಲಸ ಎನ್ನುವ ನಂಬಿಕೆ ಮೊದಲು ಅಲುಗಾಡಬೇಕು. ಇಲ್ಲದ ಗ್ರಹವೊಂದು ಅಲುಗಾಡಿಸುವುದು ಅದನ್ನೇ. ಹೊಸಕೋಟೆಯ ಮಣ್ಣಿನ ಅಧ್ಯಯನ, ಅರ್ಕಾವತಿಯ ಹರಿವಿನ ಅಧ್ಯಯನ ಎರಡೂ ಇಂಥದ್ದೇ ಮಾತನ್ನು ಅಂಕಿಗಳಲ್ಲಿ ಹೇಳಿ ಗ್ರಂಥಾಲಯ ಸೇರಿವೆ. ಮರಳುಮೀನಿನ ಕಥೆ ಕೇಳಿದವರು ಮಾತ್ರ ಮರುಕ್ಷಣವೇ, ಹಾಗಾದರೆ ನೀರು ಯಾರ ಹತ್ತಿರ ಇದೆ ಎಂದು ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿದ ಮೇಲೆ ಉತ್ತರಕ್ಕೆ ಅಂಕಿಗಳು ಇದ್ದೇ ಇವೆ.

ಮೇಷ್ಟ್ರು: ಪ್ರಶ್ನೆ ಹುಟ್ಟಿಸುವ ಮಟ್ಟಿಗೆ ನಿನ್ನ ಗ್ರಹವನ್ನು ಒಪ್ಪಿದೆ. ಉತ್ತರ ಮಾತ್ರ ಅಷ್ಟು ಸಲೀಸಲ್ಲ. ನೀಲಗಿರಿ ಕಿತ್ತ ಜಾಗಕ್ಕೆ ರಾಗಿ ವಾಪಸು ಬರುತ್ತದೆ ಎಂದು ನೀನು ಎಣಿಸುತ್ತೀಯ; ನಾನು ನೋಡುವಂತೆ ಬರುವುದು ಲೇಔಟಿನ ಕಲ್ಲು, ಇಲ್ಲವೆ ಕೊಳವೆಬಾವಿಯ ತೋಟ. ಮರ ಹೋಗಿ ಪಂಪ್ ಬಂದರೆ ಹಿಡಿದಿಟ್ಟವನ ಹೆಸರು ಬದಲಾಯಿತೇ ಹೊರತು ನದಿಗೇನೂ ಸಿಗಲಿಲ್ಲ. ರಾಗಿ ಬೆಳೆಯುವವನಿಗೆ ಅದರಿಂದ ಬದುಕು ನಡೆಯಬೇಕು, ಇಂಗಿಸಿದ ನೀರಿಗೆ ಅವನಿಗೊಂದು ಪಾಲು ಸಿಗಬೇಕು. ಕೆಳಗಿನ ಊರು, ಕೆಳಗಿನ ನಗರ ಅದಕ್ಕೆ ದುಡ್ಡು ಕೊಡಲು ತಯಾರಿದೆಯೇ? 23,251 ಕೋಟಿಯ ಪಕ್ಕದಲ್ಲಿ ಆ ಮೊತ್ತವನ್ನೂ ಬರೆದು ನೋಡಿದ ದಿನ ನಿನ್ನ ವಾದ ಕಾದಂಬರಿಯಿಂದ ಬಜೆಟ್ಟಿಗೆ ಬರುತ್ತದೆ.

ಶಿಷ್ಯೆ: ಹಾಗಾದರೆ ಮುಂದಿನ ಲೆಕ್ಕ ಅದೇ ಮೇಷ್ಟ್ರೇ. ಅದನ್ನು ಮಾಡಲು ಬೇರೆ ಯಾವ ಗ್ರಹಕ್ಕೂ ಹೋಗಬೇಕಾಗಿಲ್ಲ, ಕಂದಾಯ ಇಲಾಖೆಯ ಪಹಣಿ, ವಿದ್ಯುತ್ ಕಂಪನಿಯ ಪಂಪ್‌ಸೆಟ್ ಪಟ್ಟಿ, ಮಳೆಮಾಪಕದ ವಹಿ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಶುರು ಮಾಡಬಹುದು.